ಕಾರ್ನರ್ ಬಗ್ಗೆ ಯಾರೂ ಯಾಕೆ ಮಾತಾಡುತ್ತಿಲ್ಲ?

ಪ್ರಶ್ನೆ: ನಾನು ಹಳೇ ಹುಬ್ಬಳ್ಳಿಯವನು. ನಾನು ಕಲಿತ ಹೈಸ್ಕೂಲಿನ ಫುಟ್‌ಬಾಲ್ ಟೀಮ್ ಹೋದ ವರ್ಷ ಜಿಲ್ಲಾ ಫೈನಲ್ ಆಡಿತ್ತು. ಈ ವರ್ಷ ತಾಲ್ಲೂಕು ಮಟ್ಟದ ಎರಡನೇ ಮ್ಯಾಚಲ್ಲೇ 0-4ರಿಂದ ಸೋತು ಬಂತು. ಅವತ್ತು ಜಿಟಿಜಿಟಿ ಮಳೆ, ಗ್ರೌಂಡೆಲ್ಲ ರಾಡಿ. ಮೊದಲ ಅರ್ಧದಲ್ಲಿ ಕಾರ್ನರ್‌ನಿಂದ, ಅಂದರೆ ಗ್ರೌಂಡಿನ ಮೂಲೆಯಲ್ಲಿ ಚೆಂಡಿಟ್ಟು ಒದೆಯೋ ಒದೆತದಿಂದ, ಒಂದು ಗೋಲು ಬಿತ್ತು. ಎರಡನೇ ಅರ್ಧದಲ್ಲಿ ಮತ್ತೆ ಕಾರ್ನರ್‌ನಿಂದಲೇ ಇನ್ನೊಂದು. ಎರಡೂ ಸಲ ಅವರ 6 ನಂಬರ್ ಹುಡುಗ ಹಿಂದಿನಿಂದ ಓಡಿ ಬಂದು ಹತ್ತಿರದ ಗೋಲ್ ಕಂಬದ ಮುಂದೆ ಚೆಂಡಿಗೆ ತಲೆ ಕೊಟ್ಟ. ಆಮೇಲೆ ಒಂದು ಪೆನಾಲ್ಟಿ. ಕೊನೆಯದು ಮುಗಿಯೋಕೆ ಎರಡು ನಿಮಿಷ ಇದ್ದಾಗ, ನಮ್ಮವರೆಲ್ಲ ಮುಂದೆ ಹೋಗಿದ್ದಾಗ. ಅವತ್ತಿನಿಂದ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲೂ ಚಹಾದಂಗಡಿಯಲ್ಲೂ ಇದೇ ಜಗಳ. ಒಂದು ಕಡೆಯವರು, "ಪಿ.ಟಿ. ಸರ್‌ನ ತೆಗೀಬೇಕು. ಬರೀ ಉದ್ದ ಒದಿಸೋದು ಬಿಟ್ಟರೆ ಏನೂ ಗೊತ್ತಿಲ್ಲ. ಬೇಕಾದವರನ್ನೇ ಆಡಿಸ್ತಾರೆ, ಒಬ್ಬನನ್ನೂ ಬದಲಿಸಲಿಲ್ಲ" ಅಂತಾರೆ. ಇನ್ನೊಂದು ಕಡೆಯವರು, "ಹುಡುಗರಿಗೇ ಸೊಕ್ಕು. ಹೋದ ವರ್ಷ ಹೀರೋ ಆಗಿದ್ದ ಲೆಫ್ಟ್ ವಿಂಗ್ ಹುಡುಗ ಈಗ ಮೊಬೈಲ್ ಹಿಡಿದು ಹಾಳಾದ" ಅಂತಾರೆ. ಆಡಳಿತ ಮಂಡಳಿಗೆ ಪತ್ರ ಕೊಡೋಣ, ನೀನೂ ಸಹಿ ಹಾಕು ಅಂತ ಒತ್ತಾಯ ಮಾಡ್ತಿದಾರೆ. ಹಾಕಲಾ?

ಉತ್ತರ: ಸಹಿ ಹಾಕಬೇಡಿ. ಈಗಂತೂ ಬೇಡ.

ಹಾಗಂತ ನಿಮ್ಮ ಸರ್‌ದು ಏನೂ ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ದೊಡ್ಡ ತಪ್ಪು ಇದೆ. ಅದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ತಮಾಷೆ ಏನಂದ್ರೆ, ನಿಮ್ಮ ಗುಂಪಿನ ಎರಡೂ ಕಡೆಯವರು ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಗದಗ, ಹುಬ್ಬಳ್ಳಿ ಕಡೆ 27 ವರ್ಷ ಹೈಸ್ಕೂಲ್ ಹುಡುಗರಿಗೆ ಆಟ ಕಲಿಸಿದವನು. ಗೆರೆಯ ಆಚೆ ನಿಂತವರಿಂದ ಬೇಕಾದಷ್ಟು ಬೈಸಿಕೊಂಡಿದ್ದೇನೆ. ನನ್ನ ಮಾತು ಮಾಸ್ತರ ಕಡೆ ಸ್ವಲ್ಪ ವಾಲಿದರೆ ಅಷ್ಟನ್ನು ಕಳೆದು ಓದಿಕೊಳ್ಳಿ.

0-4 ಅಂದ ಕೂಡಲೇ ಕಿವಿಗೆ ಒಂದು ಥರ ಕೇಳಿಸುತ್ತದೆ. ಪೂರ್ತಿ ಮಣ್ಣು ಮುಕ್ಕಿಸಿದರು ಅನ್ನೋ ಹಾಗೆ. ಆದರೆ ನೀವೇ ಬರೆದ ಲೆಕ್ಕ ನೋಡಿ. ನಾಲ್ಕನೇ ಗೋಲನ್ನು ಮೊದಲು ಬಿಟ್ಟುಬಿಡಿ. ನಾಕೌಟ್ ಮ್ಯಾಚಲ್ಲಿ 0-3 ಸೋತರೂ ಮನೆಗೇ, 0-4 ಸೋತರೂ ಮನೆಗೇ. ಕೊನೆಗೆ ಹಿಂದೆ ಯಾರನ್ನೂ ಇಡದೆ ಎಲ್ಲರನ್ನೂ ಮುಂದೆ ಕಳಿಸಿದ್ದು ಸರಿಯಾದ ಜೂಜೇ. ಪೆನಾಲ್ಟಿ ಯಾಕೆ ಕೊಟ್ಟರು ಅಂತ ನೀವು ಬರೆದಿಲ್ಲ, ಅದೂ ಇರಲಿ. ಉಳಿದದ್ದು ಎರಡು ಗೋಲು. ಎರಡೂ ಕಾರ್ನರ್‌ನಿಂದ. ಎರಡೂ ಒಂದೇ ಜಾಗದಲ್ಲಿ. ಎರಡೂ ಒಬ್ಬನೇ ಹುಡುಗನಿಂದ. ಆಟ ನಡೆಯುತ್ತಿದ್ದಾಗ ಪಾಸ್ ಕೊಟ್ಟು, ನಿಮ್ಮವರನ್ನು ದಾಟಿ ಅವರು ಹೊಡೆದ ಗೋಲು, ಆ ಕೊನೆಯದನ್ನು ಬಿಟ್ಟರೆ, ಒಂದೂ ಇಲ್ಲ. ಅಂದರೆ ಪಾಸಿಂಗ್ ಆಟದಲ್ಲಿ ನೀವು ಸೋತಿಲ್ಲ. ನಿಂತ ಚೆಂಡಿನಲ್ಲಿ ಸೋತಿದ್ದೀರಿ.

ಈಗ ಆ "ಉದ್ದ ಒದೆಯೋ" ವಿಷಯಕ್ಕೆ ಬರೋಣ, ಯಾಕಂದ್ರೆ ಜಾಸ್ತಿ ಬೈಗುಳ ಬಿದ್ದಿರೋದು ಅದಕ್ಕೇ.

ನೀವು ಹುಬ್ಬಳ್ಳಿಯವರು, ಎರೆ ಮಣ್ಣಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಮಳೆಯಲ್ಲಿ ಎರೆ ಹೊಲ ದಾಟಿದರೆ ಚಪ್ಪಲಿಗೆ ಮಣ್ಣು ಮೆತ್ತಿ ಮೆತ್ತಿ ಮನುಷ್ಯ ಎರಡು ಇಂಚು ಎತ್ತರ ಆಗುತ್ತಾನೆ. ಆಟದ ಗ್ರೌಂಡೂ ಅದೇ ಮಣ್ಣಿಂದು. ಸ್ಟಡ್ ಶೂ ಹಾಕಿದ ಹುಡುಗನಿಗೆ ಹತ್ತು ನಿಮಿಷದಲ್ಲಿ ಸ್ಟಡ್ಡೇ ಕಾಣುವುದಿಲ್ಲ, ಅಂಗಾಲು ಸಪಾಟ. ಹೊಲಿಗೆ ಬಿಟ್ಟ ಹಳೆ ಚೆಂಡಾದರೆ ನೀರು ಕುಡಿದು ಭಾರ ಆಗುತ್ತದೆ. ನಿಯಮದ ಪ್ರಕಾರ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ಇರಬೇಕು. ಮಳೆಯಲ್ಲಿ ಅರ್ಧ ತಾಸು ಆಡಿದ ನಮ್ಮ ಶಾಲೆಗಳ ಚೆಂಡನ್ನು ತಕ್ಕಡಿಗೆ ಹಾಕುವ ಧೈರ್ಯ ನನಗಂತೂ ಬಂದಿಲ್ಲ. ಇಂಥ ನೆಲದಲ್ಲಿ ಹತ್ತು ಹೆಜ್ಜೆ ದೂರಕ್ಕೆ ನೆಲದ ಮೇಲೆ ಪಾಸ್ ಕೊಟ್ಟರೆ ಚೆಂಡು ಏಳನೇ ಹೆಜ್ಜೆಗೆ ನಿಂತುಬಿಡುತ್ತದೆ. ಅಲ್ಲಿ ಎದುರಾಳಿ ಕಾಯುತ್ತಿರುತ್ತಾನೆ. ಅದೂ ನಿಮ್ಮ ಗೋಲಿನ ಮುಂದೆಯೇ.

ಟಿವಿಯಲ್ಲಿ ದೊಡ್ಡ ಟೀಮುಗಳು ಗೋಲ್‌ಕೀಪರ್‌ನಿಂದಲೇ ಸಣ್ಣ ಸಣ್ಣ ಪಾಸ್ ಶುರು ಮಾಡುವುದನ್ನು ನೀವೆಲ್ಲ ನೋಡಿರುತ್ತೀರಿ. 2019ರಲ್ಲಿ ನಿಯಮ ಬದಲಾಯಿತು. ಗೋಲ್ ಕಿಕ್ (ಗೋಲ್ ಮುಂದೆ ಚೆಂಡಿಟ್ಟು ಆಟ ಮತ್ತೆ ಶುರು ಮಾಡುವ ಒದೆತ) ಈಗ ಪೆನಾಲ್ಟಿ ಏರಿಯಾ, ಅಂದರೆ ಗೋಲ್ ಮುಂದಿನ ದೊಡ್ಡ ಚೌಕ, ದಾಟಿ ಹೊರಗೆ ಹೋಗಲೇಬೇಕು ಅಂತಿಲ್ಲ, ಒಳಗೇ ಇರುವ ತನ್ನ ಹುಡುಗನಿಗೆ ಕೊಡಬಹುದು. ಅಲ್ಲಿಂದ ಈ ಚಾಳಿ ಇನ್ನೂ ಜಾಸ್ತಿ ಆಯಿತು. ಅವರ ಹುಲ್ಲು ಬೇರೆ, ನಮ್ಮ ರಾಡಿ ಬೇರೆ. ಅವತ್ತಿನ ಮಳೆಯಲ್ಲಿ ನಾನು ಇದ್ದಿದ್ದರೂ "ಏ, ಹೊಡಿಲೇ ಮುಂದ!" ಅಂತಲೇ ಕೂಗುತ್ತಿದ್ದೆ.

ಆದರೆ ಉದ್ದ ಒದೆಯುವುದರಲ್ಲೂ ಎರಡು ಥರ ಇದೆ. ಒಂದು, ಕಲಿಸಿ ಒದಿಸೋದು. ಇನ್ನೊಂದು, ಭಯಕ್ಕೆ ಒದೆಯೋದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯಬೇಕಾದರೆ ಒದ್ದವನನ್ನು ನೋಡಬೇಡಿ, ಚೆಂಡನ್ನೂ ನೋಡಬೇಡಿ. ಚೆಂಡು ಗಾಳಿಯಲ್ಲಿ ಇರುವಾಗ ನಿಮ್ಮ ನಡುವಿನ ಹುಡುಗರು ಏನು ಮಾಡುತ್ತಿದ್ದಾರೆ ನೋಡಿ. ಉದ್ದ ಚೆಂಡು ಬಂದರೆ ಮೊದಲು ಯಾರದೋ ತಲೆಗೋ ಎದೆಗೋ ಬಡಿದು ಮತ್ತೆ ನೆಲಕ್ಕೆ ಬೀಳುತ್ತದೆ. ಆ ಎರಡನೇ ಚೆಂಡು ಯಾರಿಗೆ ಸಿಗುತ್ತದೆ ಅನ್ನೋದರ ಮೇಲೆ ಇಡೀ ಆಟ ನಿಂತಿರುತ್ತದೆ. ಕಲಿಸಿದ ಟೀಮಾದರೆ, ಕೀಪರ್ ಒದೆಯುವ ಮೊದಲೇ ಇಬ್ಬರು ಹುಡುಗರು ಆ ಕಡೆ ಓಡಲು ಶುರು ಮಾಡಿರುತ್ತಾರೆ. ಕಲಿಸದ ಟೀಮಾದರೆ ಎಲ್ಲರೂ ಕತ್ತೆತ್ತಿ ವಿಮಾನ ನೋಡುವ ಹಾಗೆ ನೋಡುತ್ತಾ ನಿಂತಿರುತ್ತಾರೆ. ನಿಮ್ಮ ಟೀಮು ಇದರಲ್ಲಿ ಯಾವುದು? ನಿಮ್ಮ ಗುಂಪಿನಲ್ಲಿ ಇದನ್ನು ನೋಡಿದವರು ಒಬ್ಬರಾದರೂ ಇದ್ದರೆ ಕೇಳಿ. ಇಲ್ಲದಿದ್ದರೆ ಉದ್ದ ಒದ್ದದ್ದಕ್ಕೆ ಬೈಯುವುದು ಸುಮ್ನೆ ಬಾಯಿ ಚಪಲ.

ಸರಿ, ಈಗ ಕಾರ್ನರ್.

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ನಾಲ್ಕನೆಯದೋ ಐದನೆಯದೋ ವರ್ಷ. ಗದಗದಲ್ಲಿ ಜಿಲ್ಲಾ ಮಟ್ಟದ ಮ್ಯಾಚು. ನನ್ನ ಹುಡುಗರು ಕಾರ್ನರ್‌ನಿಂದ ಎರಡು ಗೋಲು ತಿಂದರು. ನಾನು ಅರ್ಧ ಸಮಯದಲ್ಲಿ "ಗಮನ ಕೊಡ್ರೋ, ಗಮನ!" ಅಂತ ಗಂಟಲು ಹರಿದುಕೊಂಡೆ. ಮ್ಯಾಚ್ ಮುಗಿದ ಮೇಲೆ ಎದುರು ಶಾಲೆಯ ಹಿರಿಯ ಮಾಸ್ತರೊಬ್ಬರು ಹತ್ತಿರ ಬಂದರು. ಬಾಯಿ ತುಂಬ ಎಲೆ ಅಡಿಕೆ. "ತಮ್ಮಾ, ಗಮನ ಕೊಡ್ರಿ ಅಂದ್ರ ಹುಡುಗ್ರು ಯಾವುದಕ್ಕ ಕೊಡಬೇಕು? ಚೆಂಡಿಗೆ ಕೊಟ್ರು. ಅದಕ್ಕ ಗೋಲು ಬಿತ್ತು" ಅಂದರು. ನನಗೆ ಸಿಟ್ಟು ಬಂತು. ರಾತ್ರಿ ಬಸ್ಸಿನಲ್ಲಿ ಕೂತು ಯೋಚನೆ ಮಾಡಿದ ಮೇಲೆ ಅವರು ಹೇಳಿದ್ದು ಪೂರ್ತಿ ಸರಿ ಅಂತ ಗೊತ್ತಾಯಿತು.

ಕಾರ್ನರ್ ಅಂದರೆ ಏನಾಗುತ್ತೆ ನೋಡಿ. ಆಟ ನಿಂತಿರುತ್ತದೆ. ಮೂಲೆಯಲ್ಲಿ ಒಬ್ಬ ಚೆಂಡಿಟ್ಟುಕೊಂಡು ನಿಂತಿರುತ್ತಾನೆ. ಹದಿನೈದು ವರ್ಷದ ಹುಡುಗನ ಕಣ್ಣು ತಾನಾಗಿಯೇ ಆ ಚೆಂಡಿಗೆ ಅಂಟಿಕೊಳ್ಳುತ್ತದೆ. ಮೈ ಪೂರ್ತಿ ಮೂಲೆಯ ಕಡೆ ತಿರುಗಿಬಿಡುತ್ತದೆ. ಅವನ ಬೆನ್ನ ಹಿಂದೆ 6 ನಂಬರ್ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಓಟ ತೆಗೆದುಕೊಂಡು ಬಂದು ಮುಂದೆ ದಾಟಿಬಿಡುತ್ತಾನೆ. ನಿಂತವನು ಎಷ್ಟೇ ಎತ್ತರ ಇರಲಿ, ಓಡಿ ಬಂದು ಜಿಗಿಯುವವನನ್ನು ನಿಂತಲ್ಲೇ ಜಿಗಿದು ತಡೆಯೋಕೆ ಆಗಲ್ಲ. ಅದರಲ್ಲೂ ಹತ್ತಿರದ ಕಂಬಕ್ಕೆ ಬರುವ ಚೆಂಡು ಬಹಳ ಬೇಗ ಬರುತ್ತದೆ. ಕೀಪರ್‌ಗೆ ಹೊರಗೆ ಬರಲು ಸಮಯವೇ ಇರುವುದಿಲ್ಲ, ಮಳೆಯಲ್ಲಂತೂ ಅವನ ಕಾಲು ಜಾರುವ ಭಯ ಬೇರೆ. ಆಫ್‌ಸೈಡ್‌ಗೆ, ಅಂದರೆ ನಮ್ಮ ಹಿಂದಿನ ಹುಡುಗರನ್ನು ದಾಟಿ ಗೋಲಿನ ಹತ್ತಿರ ನಿಂತವನಿಗೆ ಚೆಂಡು ಕೊಡಬಾರದು ಅನ್ನೋ ನಿಯಮಕ್ಕೆ, ಸಿಗಿಸೋಣ ಅಂದರೆ ಅದೂ ಆಗಲ್ಲ. ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ.

ಇದಕ್ಕೆ ಔಷಧಿ ದೊಡ್ಡದೇನಲ್ಲ. ಒಬ್ಬ ಹುಡುಗನನ್ನು ಯಾರನ್ನೂ ಕಾಯದೆ, ಗೋಲ್ ಏರಿಯಾದ (ಗೋಲ್ ಮುಂದಿನ ಸಣ್ಣ ಚೌಕದ) ಹತ್ತಿರದ ಮೂಲೆಯಲ್ಲಿ, ಅಂದರೆ ಕಂಬದಿಂದ ಐದಾರು ಹೆಜ್ಜೆ ಮುಂದೆ, ನಿಲ್ಲಿಸಬೇಕು. ಆ ಜಾಗಕ್ಕೆ ಬಂದ ಚೆಂಡು ಅವನದೇ, ಒದೆಯಲಿ, ತಲೆ ಕೊಡಲಿ, ಹೊರಗೆ ಹಾಕಲಿ. ಉಳಿದವರು ತಮ್ಮ ತಮ್ಮ ಎದುರಾಳಿಯನ್ನು ಹಿಡಿದು, ಮೈ ಅಡ್ಡ ತಿರುಗಿಸಿ ನಿಲ್ಲಬೇಕು. ಒಂದು ಭುಜ ಮೂಲೆಯ ಕಡೆ, ಇನ್ನೊಂದು ಎದುರಾಳಿಯ ಕಡೆ. ಹಾಗೆ ನಿಂತರೆ ಸ್ವಲ್ಪ ಕತ್ತು ತಿರುಗಿಸಿದರೆ ಸಾಕು, ಎರಡೂ ಕಾಣುತ್ತದೆ.

ನಾನು ಆಮೇಲೆ ಹೇಗೆ ಕಲಿಸುತ್ತಿದ್ದೆ ಅಂದರೆ, ಕಾರ್ನರ್ ಒದಿಸುತ್ತಲೇ ಇರಲಿಲ್ಲ. ನಮ್ಮ ಹುಡುಗರು ಹತ್ತು ಕಾರ್ನರ್ ಒದ್ದರೆ ಆರು ಗೋಲಿನ ಹಿಂದೆ ಹೋಗಿ ಬೀಳುತ್ತವೆ, ತರೋಕೆ ಹೋದವನು ಬರುವಷ್ಟರಲ್ಲಿ ಉಳಿದವರು ಹರಟೆ ಶುರು ಮಾಡಿರುತ್ತಾರೆ. ಅದಕ್ಕೆ ನಾನೇ ಪೆನಾಲ್ಟಿ ಏರಿಯಾದ ಅಂಚಿಗೆ ನಿಂತು ಕೈಯಿಂದ ಚೆಂಡು ಎಸೆಯುತ್ತಿದ್ದೆ. ಹುಡುಗರು ತಲೆ ಕೊಡೋದೂ ಬೇಡ, ಕೈಯಲ್ಲೇ ಹಿಡಿಯಲಿ. ದಿನಾ ಇಪ್ಪತ್ತು ಸಲ ಎಳೆ ತಲೆಗೆ ಚೆಂಡು ಬಡಿಸೋದು ಒಳ್ಳೆಯದಲ್ಲ. ಎಸೆಯುವ ಮುಂಚೆ ಜೋರಾಗಿ ಒಬ್ಬನ ಹೆಸರು ಹಿಡಿದು "ನಿನ್ನವ ಎಲ್ಲದಾನ?" ಅಂತ ಕೇಳುತ್ತಿದ್ದೆ. ಅವನು ನೋಡದೆ ಬೆರಳು ತೋರಿಸಬೇಕು. ಬೆರಳು ಒಂದು ಕಡೆ, ಎದುರಾಳಿ ಇನ್ನೊಂದು ಕಡೆ ಇದ್ದರೆ ಎಲ್ಲರೂ ಹೋ ಅಂತ ನಗುತ್ತಿದ್ದರು. ಮೂರನೇ ದಿನಕ್ಕೆ ನಗು ನಿಲ್ಲುತ್ತಿತ್ತು. ದಿನಕ್ಕೆ ಹದಿನೈದು ನಿಮಿಷ ಸಾಕು.

ನಿಮ್ಮ ಸರ್‌ದು ತಪ್ಪು ಅಂದೆನಲ್ಲ, ಅದು ಇದೇ. ಮೊದಲ ಗೋಲು ಬಿದ್ದದ್ದಕ್ಕೆ ನಾನು ಅವರನ್ನು ಬೈಯಲ್ಲ. ಅದು ಯಾರಿಗಾದರೂ ಆಗುತ್ತದೆ. ಮಧ್ಯೆ ಅರ್ಧ ಸಮಯ ಇತ್ತು. 6 ನಂಬರ್ ಎಲ್ಲಿಂದ ಓಡಿ ಬಂದ ಅಂತ ಎಲ್ಲರೂ ನೋಡಿದ್ದರು. ಒಬ್ಬ ಗಟ್ಟಿ ಹುಡುಗನನ್ನು ಕರೆದು "ಮುಂದಿನ ಕಾರ್ನರ್‌ನಲ್ಲಿ ಅವನ ಓಟಕ್ಕೆ ಅಡ್ಡ ನಿಲ್ಲು, ಚೆಂಡಿನ ಉಸಾಬರಿ ನಿನಗೆ ಬೇಡ" ಅಂತ ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಅದೇ ಹುಡುಗ ಅದೇ ಜಾಗಕ್ಕೆ ಎರಡನೇ ಸಲವೂ ಸಲೀಸಾಗಿ ಬಂದ ಅಂದರೆ, ಆ ಮಾತು ಹೇಳಿಲ್ಲ. ಇಲ್ಲಾ ಹೇಳಿದ್ದು ಹುಡುಗರಿಗೆ ಹತ್ತಿಲ್ಲ. ಎರಡಕ್ಕೂ ಮಾಸ್ತರೇ ಹೊಣೆ.

ನಿಮ್ಮ ಗುಂಪಿನವರು ಅಲ್ಲೇ ನಿಂತು ನೋಡಿಯೂ ಇದನ್ನು ಯಾಕೆ ಮಾತಾಡುತ್ತಿಲ್ಲ? ಅವರೂ ಚೆಂಡನ್ನೇ ನೋಡುತ್ತಿದ್ದರು, ಅಷ್ಟೇ.

ಇನ್ನು, ಹೋದ ವರ್ಷ ಫೈನಲ್, ಈ ವರ್ಷ ಎರಡನೇ ಮ್ಯಾಚಿಗೇ ಔಟ್ ಅನ್ನೋ ಮಾತು. ಹೈಸ್ಕೂಲ್ ಟೀಮನ್ನು ಕ್ಲಬ್ ಟೀಮಿನ ಹಾಗೆ ನೋಡಬಾರದು. ನಮ್ಮಲ್ಲಿ ಹೈಸ್ಕೂಲ್ ಅಂದರೆ 8, 9, 10 ಮೂರೇ ವರ್ಷ. ಫೈನಲ್ ಆಡಿದ ಟೀಮಿನಲ್ಲಿ ಹತ್ತನೇ ಕ್ಲಾಸಿನವರು ಎಷ್ಟು ಜನ ಇದ್ದರು ಎಣಿಸಿ. ಏಳೆಂಟು ಜನ ಇದ್ದಿದ್ದರೆ, ಈ ವರ್ಷ ನೀವು ನೋಡಿದ್ದು ಆ ಟೀಮೇ ಅಲ್ಲ. ಹೆಸರು ಅದೇ, ಬನಿಯನ್ ಅದೇ, ಹುಡುಗರು ಬೇರೆ. ಒಳ್ಳೆಯ ಮಾಸ್ತರು ಗೆಲ್ಲುವ ವರ್ಷವೂ ಇಬ್ಬರು ಮೂವರು ಎಂಟನೇ ಕ್ಲಾಸಿನವರನ್ನು ಮಧ್ಯೆ ಮಧ್ಯೆ ಆಡಿಸುತ್ತಾರೆ, ಮುಂದಿನ ವರ್ಷಕ್ಕೆ ಬೀಜ ಇಟ್ಟ ಹಾಗೆ. ನಿಮ್ಮ ಸರ್ ಹೋದ ವರ್ಷ ಹಾಗೆ ಮಾಡಿದ್ದರಾ ಕೇಳಿ ನೋಡಿ. ಮಾಡಿಲ್ಲ ಅಂದರೆ ಅದು ಇನ್ನೊಂದು ಮೈನಸ್.

ಸಮಯದ ಲೆಕ್ಕವನ್ನೂ ಹಾಕಿ. ಶಾಲೆ ಸರಿಯಾಗಿ ಶುರುವಾಗೋದೇ ಜೂನ್‌ನಲ್ಲಿ. ತಾಲ್ಲೂಕು ಮ್ಯಾಚು ಆಗಸ್ಟ್‌ನಲ್ಲಿ ಅಂದುಕೊಂಡರೆ ಹತ್ತು ವಾರ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ತಾಸು ಅಂದರೆ 30 ತಾಸು. ಅದರಲ್ಲಿ ಮಳೆ ತಿಂದದ್ದು, ಅಡ್ಮಿಷನ್ ಕೆಲಸ ತಿಂದದ್ದು, ಆಗಸ್ಟ್ 15ರ ಕವಾಯತು ತಿಂದದ್ದು ಕಳೆದರೆ 20 ತಾಸು ಉಳಿದರೆ ಪುಣ್ಯ. ಅದೇ ಮಾಸ್ತರು ಅದೇ ವಾರಗಳಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್, ಥ್ರೋಬಾಲ್, ಓಟ, ಜಿಗಿತ ಎಲ್ಲಕ್ಕೂ ಹುಡುಗರನ್ನು ತಯಾರು ಮಾಡಬೇಕು. ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಓದಿದವರಿಗೆ ಎಲ್ಲ ಆಟವೂ ಸ್ವಲ್ಪ ಸ್ವಲ್ಪ ಗೊತ್ತಿರುತ್ತದೆ. ಫುಟ್‌ಬಾಲ್ ಒಂದನ್ನೇ ಆಳವಾಗಿ ಕಲಿತವರು ನೂರಕ್ಕೆ ಎಷ್ಟು ಜನ ಸಿಗುತ್ತಾರೆ ಹೇಳಿ. "ಕೋಚ್" ಅಂತ ನೀವು ಕರೆಯುತ್ತಿರುವವರ ನಿಜವಾದ ಕೆಲಸ ಬೆಳಗಿನ ಪ್ರಾರ್ಥನೆಯ ಸಾಲು ನೇರ ಮಾಡುವುದರಿಂದ ಶುರುವಾಗುತ್ತದೆ.

ಆ ಲೆಫ್ಟ್ ವಿಂಗ್ ಹುಡುಗನ ಬಗ್ಗೆ ಓದಿ ನನಗೆ ಬೇಜಾರಾಯಿತು. "ಸೊಕ್ಕು", "ಮೊಬೈಲ್". ಇರಬಹುದು, ನಾನು ಅವನನ್ನು ನೋಡಿಲ್ಲ. ಆದರೆ ಒಂದು ಪ್ರಶ್ನೆ: ಹೋದ ವರ್ಷಕ್ಕಿಂತ ಅವನು ಎಷ್ಟು ಎತ್ತರ ಆಗಿದ್ದಾನೆ? ಹುಡುಗರು ಸಾಮಾನ್ಯವಾಗಿ 13–14ರ ಆಸುಪಾಸಿನಲ್ಲಿ, ಕೆಲವರು ಇನ್ನೂ ಸ್ವಲ್ಪ ತಡವಾಗಿ, ಒಂದೇ ವರ್ಷದಲ್ಲಿ 8–10 ಸೆಂಟಿಮೀಟರ್ ಬೆಳೆದುಬಿಡುತ್ತಾರೆ. ಕಾಲು ಉದ್ದ ಆಗುತ್ತದೆ, ತಲೆಗೆ ಅದು ಇನ್ನೂ ಗೊತ್ತಾಗಿರುವುದಿಲ್ಲ. ಹೋದ ವರ್ಷ ಕಾಲಿಗೆ ಅಂಟಿಕೊಂಡಂತೆ ಇರುತ್ತಿದ್ದ ಚೆಂಡು ಈಗ ಒಂದು ಗೇಣು ಮುಂದೆ ಹೋಗುತ್ತದೆ. ತಿರುಗುವಾಗ ಮುಗ್ಗರಿಸುತ್ತಾನೆ. ಕೆಲವರಿಗೆ ಮೊಣಕಾಲಿನ ಚಿಪ್ಪಿನ ಕೆಳಗೆ, ಮೂಳೆ ಉಬ್ಬಿದ ಜಾಗದಲ್ಲಿ ನೋವು ಬರುತ್ತದೆ. ಓಡಿದರೆ ಜಾಸ್ತಿ, ಕೂತರೆ ಕಡಿಮೆ. ಡಾಕ್ಟರು ಅದಕ್ಕೆ ಆಸ್‌ಗುಡ್-ಶ್ಲಾಟರ್ ಅನ್ನುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಓಡಿ ಜಿಗಿಯುವ ಹುಡುಗರಲ್ಲಿ ಬರೋದೇ. ಸಾಮಾನ್ಯವಾಗಿ ಬೆಳವಣಿಗೆ ನಿಂತ ಮೇಲೆ ಹೋಗುತ್ತದೆ. ಆದರೆ ಅಲ್ಲಿಯವರೆಗೆ ಆ ಹುಡುಗ ಅರ್ಧ ಓಟ ಓಡುತ್ತಾನೆ, ಕಾರಣ ಹೇಳಲು ನಾಚಿಕೊಳ್ಳುತ್ತಾನೆ. ಕಟ್ಟೆ ಮೇಲೆ ಕೂತವರಿಗೆ ಅದು ಸೊಕ್ಕಿನ ಹಾಗೆ ಕಾಣುತ್ತದೆ. ಯಾರಾದರೂ ಅವನ ಹತ್ತಿರ ಹೋಗಿ "ಮೊಣಕಾಲು ನೋಯ್ತದೇನಪಾ?" ಅಂತ ಕೇಳಿದಿರಾ? ನೋಯುತ್ತದೆ ಅಂದರೆ ಡಾಕ್ಟರಿಗೆ ತೋರಿಸಿ, ಸ್ವಲ್ಪ ದಿನ ಓಟ ಕಡಿಮೆ ಮಾಡಿಸಿ. 

"ಬೇಕಾದವರನ್ನೇ ಆಡಿಸ್ತಾರೆ" ಅನ್ನೋ ಆರೋಪದ ಬಗ್ಗೆ ಇಲ್ಲಿ ಕೂತು ನಾನು ಏನೂ ಹೇಳಲಾರೆ. ಎಲ್ಲ ಊರಿನಲ್ಲೂ ಈ ಮಾತು ಇದೆ, ಕೆಲವು ಕಡೆ ನಿಜವೂ ಇದೆ. ಹೆಸರು ಕಳಿಸುವಾಗ ಹುಟ್ಟಿದ ದಿನದ ದಾಖಲೆ ಸರಿ ಇಲ್ಲದೆ ಒಳ್ಳೆಯ ಆಟಗಾರನೊಬ್ಬ ಹೊರಗೆ ಕೂತಿದ್ದನ್ನೂ ನಾನು ನೋಡಿದ್ದೇನೆ. ಊರೆಲ್ಲ ಮಾಸ್ತರನ್ನೇ ಬೈಯಿತು. ಆದರೆ ಒಬ್ಬನನ್ನೂ ಬದಲಿಸಲಿಲ್ಲ ಅಂದಿರಲ್ಲ, ಅದು ನನಗೂ ಸರಿ ಕಾಣಲಿಲ್ಲ. ತಾಲ್ಲೂಕು ಮಟ್ಟದಲ್ಲಿ ಒಂದೇ ದಿನ ಎರಡು ಮ್ಯಾಚು ಬೀಳುವುದು ಮಾಮೂಲು. ರಾಡಿಯಲ್ಲಿ ಓಡಿದ ಕಾಲಿಗೆ ಒಣ ನೆಲಕ್ಕಿಂತ ಬೇಗ ಸುಸ್ತಾಗುತ್ತದೆ. 0-2 ಆದ ಮೇಲೆ ಬೆಂಚಿನಲ್ಲಿದ್ದ ಹೊಸ ಕಾಲನ್ನು ಇಳಿಸದೆ ಇದ್ದದ್ದು ಯಾಕೆ? ಇದನ್ನು ಅವರನ್ನೇ ಕೇಳಬೇಕು. ಕೇಳುವ ರೀತಿ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಕೋಚ್ ಬದಲಿಸಿದರೆ ಆಟ ಬದಲಾಗುತ್ತಾ? ಒಂದು ಹಳೆ ಉದಾಹರಣೆ ಕೊಡುತ್ತೇನೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾ ಎದುರು 1-10ರಿಂದ ಸೋತಿತು. ಆ ಚಳಿಯಲ್ಲಿ ನಮ್ಮ ಹಲವರು ಬರಿಗಾಲಲ್ಲಿ ಆಡಿದರು. ಕೋಚ್ ಯಾರು? ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಮೂಲತಃ ಶಾಲಾ ಮಾಸ್ತರು. ಅಷ್ಟು ಸೋತರೂ ಮುಂದೆಯೂ ಅವರೇ ಕೋಚ್. ನಾಲ್ಕು ವರ್ಷದ ನಂತರ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ 4ನೇ ಸ್ಥಾನಕ್ಕೆ ಬಂತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಮ್ಯಾಚೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಅವತ್ತು ರಾತ್ರಿ ನಿಮ್ಮಂಥ ವಾಟ್ಸಾಪ್ ಗುಂಪು ಇದ್ದಿದ್ದರೆ ರಹೀಂ ಸಾಹೇಬರ ಗತಿ ಏನಾಗುತ್ತಿತ್ತೋ! ಆಮೇಲೆ ಅವರು ಜರ್ನೈಲ್ ಸಿಂಗ್ ಎಂಬ ಡಿಫೆಂಡರನ್ನು ಸೆಮಿಫೈನಲ್, ಫೈನಲ್‌ಗಳಲ್ಲಿ ಮುಂದೆ ತಂದು ಆಡಿಸಿದರು. ಜರ್ನೈಲ್ ತಲೆಗೆ ಪೆಟ್ಟಾಗಿ ಬ್ಯಾಂಡೇಜ್ ಇತ್ತು. ಫೈನಲ್‌ನಲ್ಲಿ ಅದೇ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂದರು. ಒಂದು ಗೋಲು ಪಿ.ಕೆ. ಬ್ಯಾನರ್ಜಿಯದು, ಇನ್ನೊಂದು ಜರ್ನೈಲ್ ಸಿಂಗರದೇ.

ಎಲ್ಲ ಪಿ.ಟಿ. ಮಾಸ್ತರೂ ರಹೀಂ ಆಗುತ್ತಾರೆ ಅಂತಲ್ಲ. ಅವರು ಸೋತ ಮ್ಯಾಚಿನಿಂದ ಏನು ಬದಲಾಯಿಸಿದರು ನೋಡಿ, ಅದಕ್ಕೆ ಹೇಳಿದೆ. ಅವರಿಂದ ನಾನು ಕದ್ದ ಉಪಾಯವೂ ಒಂದಿದೆ. ದುರ್ಬಲ ಕಾಲಿನಿಂದ ಮಾತ್ರ ಆಡಬೇಕು ಅನ್ನುವ, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡದೆ ಆಡಬೇಕು ಅನ್ನುವ ಟೂರ್ನಿಗಳನ್ನು ಅವರು ಹುಡುಗರಿಗೆ ನಡೆಸುತ್ತಿದ್ದರು. ಎಡಗಾಲು ಮ್ಯಾಚು ಅಂತ ಶನಿವಾರ ನಾನೂ ಇಡುತ್ತಿದ್ದೆ. ಮೊದಲ ದಿನ ಸರ್ಕಸ್, ತಿಂಗಳಲ್ಲಿ ಆಟ. ಖರ್ಚು ಒಂದು ಪೈಸೆ ಇಲ್ಲ.

ಹಾಗಾದರೆ ಯಾವ ಕೋಚನ್ನು ಬದಲಿಸಬೇಕು? ಹುಡುಗರ ಮೇಲೆ ಕೈ ಮಾಡುವವರನ್ನು, ಪೆಟ್ಟಾದವನನ್ನು ಬಲವಂತವಾಗಿ ಆಡಿಸುವವರನ್ನು, ಪ್ರಾಕ್ಟೀಸಿಗೇ ಬರದವರನ್ನು. ಇದಕ್ಕೆ ಸೋಲು ಗೆಲುವು ನೋಡಬೇಕಾಗಿಲ್ಲ, ಕಪ್ ಗೆದ್ದರೂ ಬದಲಿಸಬೇಕು. ನೀವು ನನಗೆ ಬರೆದದ್ದರಲ್ಲಿ ಇಂಥದ್ದು ಒಂದೂ ಇಲ್ಲ. ಅದಕ್ಕೇ ಸಹಿ ಬೇಡ ಅಂದೆ. ಸಹಿ ಹಾಕಿದ ಪತ್ರ ಹೋದರೆ ಏನಾಗುತ್ತದೆ ಗೊತ್ತಾ? ಆಡಳಿತ ಮಂಡಳಿ ಹೊಸ ಕೋಚ್ ತರುವುದಿಲ್ಲ. "ಈ ಫುಟ್‌ಬಾಲೇ ತಲೆನೋವು, ಮುಂದಿನ ವರ್ಷ ಟೀಮು ಬೇಡ" ಅಂದುಬಿಡುತ್ತದೆ. ಹೀಗೆ ನಿಂತುಹೋದ ಎರಡು ಟೀಮು ನಾನು ಕಂಡಿದ್ದೇನೆ.

ಮತ್ತೆ ಗೆರೆ ಆಚೆಯ ಕೂಗಾಟ. ಅವತ್ತು ನಿಮ್ಮಲ್ಲಿ ಎಷ್ಟು ಜನ "ಮುಂದ ಕೊಡಲೇ", "ಒದಿಬ್ಯಾಡಲೇ" ಅಂತ ಒಟ್ಟಿಗೆ ಕೂಗುತ್ತಿದ್ದಿರಿ? ಕಾರ್ನರ್ ಹೊತ್ತಿನಲ್ಲಿ ಒಬ್ಬ ಗೋಲ್‌ಕೀಪರ್ ತನ್ನ ಹುಡುಗರಿಗೆ "6 ನಂಬರ್ ಹಿಡಿ!" ಅಂತ ಕೂಗಬೇಕು. ಅದು ಅವನ ಕೆಲಸ. ಹಿಂದೆ ಮೂವತ್ತು ಜನ ಅಣ್ಣಂದಿರು ಕಿರುಚುತ್ತಿದ್ದರೆ ಅವನ ಒಡೆದ ದನಿ ಯಾರಿಗೆ ಕೇಳಬೇಕು? ಚಪ್ಪಾಳೆ ಹೊಡೀರಿ, ಹೆಸರು ಹಿಡಿದು ಹುರಿದುಂಬಿಸಿ. ಎಲ್ಲಿ ಒದೆಯಬೇಕು ಅನ್ನೋದನ್ನು ಹೇಳಬೇಡಿ.

ಈಗ ಏನು ಮಾಡಬೇಕು ಅಂತ ಕೇಳಿದರೆ, ಸಿಟ್ಟು ಇಳಿಯಲು ಹದಿನೈದು ದಿನ ಬಿಡಿ. ಆಮೇಲೆ ಇಬ್ಬರೇ ಹೋಗಿ, ಗುಂಪು ಕಟ್ಟಿಕೊಂಡು ಹೋಗಬೇಡಿ. ಸ್ಟಾಫ್ ರೂಮಿನಲ್ಲಿ ಬೇಡ, ಉಳಿದ ಮಾಸ್ತರ ಮುಂದೆ ಯಾರಿಗೂ ತಪ್ಪು ಒಪ್ಪಲು ಮನಸ್ಸಾಗುವುದಿಲ್ಲ. ಸಂಜೆ ಗ್ರೌಂಡಿಗೆ ಹೋಗಿ, "ಸರ್, ಒಂದು ತಾಸು ಕೊಡ್ರಿ" ಅನ್ನಿ. ಹೊರಗೆ ಕರೆದುಕೊಂಡು ಹೋಗಿ ಗಿರ್ಮಿಟ್, ಮಿರ್ಚಿ, ಚಹಾ. ಮೊದಲು ಹೋದ ವರ್ಷದ ಫೈನಲ್ ನೆನಪು ಮಾಡಿ. ಆಮೇಲೆ ನಿಧಾನಕ್ಕೆ, "ಆ 6 ನಂಬರ್ ಹುಡುಗ ಎರಡನೇ ಸಲ ಹ್ಯಾಂಗ್ ಬಂದ್ರಿ ಸರ್?" ಅಂತ ಕೇಳಿ. ಅವರ ಉತ್ತರದಲ್ಲೇ ನಿಮಗೆ ಎಲ್ಲ ಗೊತ್ತಾಗುತ್ತದೆ. "ಹೌದಪಾ, ಅಲ್ಲೇ ನಾನು ತಪ್ಪಿದೆ" ಅಂದರೆ ಆ ಮನುಷ್ಯನನ್ನು ಬಿಡಬೇಡಿ. "ಯಾವ 6 ನಂಬರ್?" ಅಂದರೆ ಸ್ವಲ್ಪ ಚಿಂತೆ ಮಾಡಬೇಕಾದ ವಿಷಯವೇ. ಬದಲಾವಣೆ ಯಾಕೆ ಮಾಡಲಿಲ್ಲ ಅನ್ನೋದನ್ನೂ ಆಗಲೇ ಕೇಳಿ.

ನೀವು ಗುಂಪಿನಲ್ಲಿ ಐವತ್ತು ಜನ ಇದ್ದರೆ, ಪತ್ರಕ್ಕೆ ಸಹಿ ಹಾಕುವ ಬದಲು ದುಡ್ಡು ಹಾಕಿ. ನಿಮ್ಮ ಸರ್‌ಗೆ ಅಥವಾ ಆಟ ಬಲ್ಲ ಒಬ್ಬ ಹಳೆ ವಿದ್ಯಾರ್ಥಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ (ಎಐಎಫ್‌ಎಫ್) ಡಿ ಲೈಸೆನ್ಸ್ ಕೋರ್ಸ್ ಮಾಡಿಸಬಹುದು. ಕೋಚಿಂಗ್ ಲೈಸೆನ್ಸುಗಳಲ್ಲಿ ಅದು ಕೆಳಗಿನ ಮೆಟ್ಟಿಲುಗಳಲ್ಲಿ ಒಂದು, ಕೆಲವೇ ದಿನದ ಕೋರ್ಸು. ವಾರಕ್ಕೆ ಎರಡು ಸಂಜೆ ಆ ಹಳೆ ವಿದ್ಯಾರ್ಥಿ ಗ್ರೌಂಡಿಗೆ ಬಂದು ಸರ್ ಜೊತೆ ನಿಂತರೂ 20 ತಾಸು 40 ಆಗುತ್ತದೆ. ಜೂನ್ ತನಕ ಕಾಯಬೇಡಿ. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಎಂಟು, ಒಂಬತ್ತನೇ ಕ್ಲಾಸಿನವರನ್ನು ಶುರು ಮಾಡಿ. ಹತ್ತನೆಯವರಿಗೆ ಸ್ಪೆಷಲ್ ಕ್ಲಾಸ್ ಇರುತ್ತದೆ, ಅವರ ತಂದೆ ತಾಯಿ ಬಿಡುವುದಿಲ್ಲ, ಬಿಡಬೇಕು ಅಂತ ನಾನೂ ಹೇಳಲ್ಲ. ಆಟಕ್ಕೆ ಮೊದಲು ಮೈ ಕಾಯಿಸಲು ಫಿಫಾದವರೇ ಮಾಡಿದ "11+" ಅನ್ನೋ 20 ನಿಮಿಷದ ಕಸರತ್ತು ಇದೆ. ಪೆಟ್ಟು ಕಡಿಮೆ ಆಗುವುದು ಪರೀಕ್ಷೆ ಮಾಡಿ ನೋಡಿದ ವಿಷಯ. ಚೆಂಡು ಬಿಟ್ಟರೆ ದೊಡ್ಡ ಸಾಮಾನು ಏನೂ ಬೇಡ.

ಚೆಂಡು ಕೊಡಿಸುವುದಾದರೆ ಒಂದು ದುಬಾರಿ ಚೆಂಡು ತರಬೇಡಿ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಅದೇ ದುಡ್ಡಿಗೆ ಸಾಧಾರಣದ್ದು ಎಂಟು ತನ್ನಿ. ಇಪ್ಪತ್ತು ಹುಡುಗರಿಗೆ ಎರಡು ಚೆಂಡಿದ್ದರೆ ಒಂದು ತಾಸಿನಲ್ಲಿ ಒಬ್ಬನ ಕಾಲಿಗೆ ಚೆಂಡು ತಾಗುವುದು ಎಷ್ಟು ಹೊತ್ತು, ನೀವೇ ಲೆಕ್ಕ ಹಾಕಿ. ಜೊತೆಗೆ ಪಂಪು ಮರೀಬೇಡಿ. ಸೂಜಿ ನಾಲ್ಕು ತನ್ನಿ. ಮೊದಲನೇ ವಾರದಲ್ಲೇ ಒಂದು ಮುರಿಯುತ್ತದೆ, ಇನ್ನೊಂದು ಯಾವನೋ ಎಂಟನೇ ಕ್ಲಾಸಿನವನ ಕಂಪಾಸ್ ಬಾಕ್ಸ್‌ನಲ್ಲಿ ಸಿಗುತ್ತದೆ.